'ಟ್ವಿನ್ ಪೀಕ್ಸ್' ಮರುವೀಕ್ಷಣೆ: ಪ್ರತಿ, ಪಾಠ ಮತ್ತು ತಾರೀಖುಗಳ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

'ಟ್ವಿನ್ ಪೀಕ್ಸ್' ಅಮೆರಿಕದ ಎಬಿಸಿ ವಾಹಿನಿಯಲ್ಲಿ 1990ರ ಏಪ್ರಿಲ್ 8ರಿಂದ 1991ರ ಜೂನ್ 10ರವರೆಗೆ ಪ್ರಸಾರವಾದ ರಹಸ್ಯ ಧಾರಾವಾಹಿ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅದರ ಕರ್ತೃಗಳು. ಕಥಾವಸ್ತು ಲಾರಾ ಪಾಮರ್ ಎಂಬ ಶಾಲಾ ಹುಡುಗಿಯ ಕೊಲೆ. ತನಿಖೆಗೆ ಬರುವವನು ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್. ಐವರ ಕೂಟವೊಂದು ಇದನ್ನು ಮೊದಲಿನಿಂದ ಮತ್ತೆ ನೋಡಿ, ಪ್ರತಿ ಕಂತಿನ ಬಳಿಕ ಚರ್ಚಿಸಿ, ಟಿಪ್ಪಣಿ ಬರೆದಿಟ್ಟುಕೊಂಡಿತು. ನಾಲ್ವರು ಹಿಂದೆಯೇ ನೋಡಿದ್ದವರು, ಐದನೆಯವರಿಗೆ ಇದು ಮೊದಲ ನೋಟ. ಇಲ್ಲಿರುವುದು ಆ ಟಿಪ್ಪಣಿ ಪುಸ್ತಕದಿಂದ ಆಯ್ದು ಪರಿಶೀಲಿಸಿದ ಕೆಲವು ಅಂಶಗಳು.

ಕೃತಿಯ ಅರ್ಥ, ಸಂಕೇತ, ತತ್ತ್ವ ಈ ಬರಹದ ವ್ಯಾಪ್ತಿಯಲ್ಲಿಲ್ಲ. ಕೊಲೆಗಾರ ಯಾರೆಂಬುದು 1990ರಲ್ಲೇ ತೆರೆಯ ಮೇಲೆ ತೀರ್ಮಾನವಾದ ಸಂಗತಿ. ಅದನ್ನು ಮುಚ್ಚಿಟ್ಟು ಬರೆಯುವ ಪ್ರಯತ್ನ ಮಾಡಿಲ್ಲ. ಇಲ್ಲಿಯ ಪ್ರಶ್ನೆ ಚಿಕ್ಕದು: ಅಭಿಮಾನಿಗಳು ಕೂತು ವಾದಿಸುವಾಗ ಅವರೆಲ್ಲ ಒಂದೇ ಪಾಠವನ್ನು ಕಣ್ಣ ಮುಂದಿಟ್ಟುಕೊಂಡಿರುತ್ತಾರೆಯೇ? ಕೂಟದ ಅನುಭವ ಹೇಳುವಂತೆ, ಹಲವು ಸಲ ಇಲ್ಲ. ವ್ಯಾಖ್ಯಾನದ ಜಗಳವೆಂದು ಶುರುವಾದದ್ದು ಪಾಠಾಂತರದ ಜಗಳವಾಗಿ ಮುಗಿದ ಉದಾಹರಣೆಗಳು ಒಂದಕ್ಕಿಂತ ಹೆಚ್ಚು. ಆದ್ದರಿಂದ ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಬಳಕೆಯಲ್ಲಿರುವ ಪ್ರತಿ, ಪಾಠಾಂತರ, ಪ್ರಕ್ಷೇಪ, ಲಿಪಿಕಾರದೋಷ ಎಂಬ ಪರಿಭಾಷೆಯನ್ನೇ ಇಲ್ಲಿ ಬಳಸಲಾಗಿದೆ. ಡಿ.ಎಲ್. ನರಸಿಂಹಾಚಾರ್ಯರು ಓಲೆಗರಿಗಳಿಗಾಗಿ ವಿವರಿಸಿದ ಶಿಸ್ತನ್ನು ವಿಡಿಯೋ ಕ್ಯಾಸೆಟ್ಟಿಗೆ ಹೊಂದಿಸುವುದು ಕೆಲವರಿಗೆ ಅತಿ ಎನಿಸಬಹುದು. ಎಲ್ಲಿ ಹೊಂದುವುದಿಲ್ಲವೋ ಅದನ್ನು 5ನೆಯ ವಿಭಾಗದಲ್ಲಿ ತೋರಿಸಿದೆ.

2. ಕಂತುಗಳ ಎಣಿಕೆ

ಮೊದಲ ಗೊಂದಲ ಸಂಖ್ಯೆಯದು. 1990ರ ಏಪ್ರಿಲ್ 8ರ ಭಾನುವಾರ ಪ್ರಸಾರವಾದ ಸುಮಾರು 94 ನಿಮಿಷಗಳ ಪೈಲಟ್‌ಗೆ ಸಂಖ್ಯೆಯಿಲ್ಲ. ಏಪ್ರಿಲ್ 12ರ ಗುರುವಾರ ಬಂದದ್ದು 1ನೆಯ ಕಂತು. ಹೀಗಾಗಿ ಕೊನೆಯ ಕಂತು ಸಾಂಪ್ರದಾಯಿಕ ಎಣಿಕೆಯಲ್ಲಿ 29, ಪೈಲಟ್ ಸೇರಿಸಿ ಎಣಿಸಿದರೆ 30, ಎರಡನೆಯ ಸರಣಿಯ ಲೆಕ್ಕದಲ್ಲಿ 22. ಕೊಲೆಗಾರನ ಮುಖ ಬಯಲಾಗುವ ಕಂತಿಗೂ (ಪ್ರಸಾರ 1990ರ ನವೆಂಬರ್ 10) ಇದೇ ರೀತಿ 14, 15, 'ಎರಡನೆಯ ಸರಣಿಯ 7' ಎಂಬ ಮೂರು ಹೆಸರು. ಕೂಟದಲ್ಲಿ ಒಬ್ಬರು 'ಏಳನೆಯದು' ಎಂದಾಗ ಇನ್ನೊಬ್ಬರು ಮೊದಲ ಸರಣಿಯ ಕೊನೆಯ ಕಂತನ್ನು, ಅಂದರೆ ಕೂಪರ್‌ಗೆ ಗುಂಡೇಟು ಬೀಳುವ ಕಂತನ್ನು, ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದರು. ಎರಡೂ ಎಣಿಕೆ ಸರಿ.

ಕಂತಿನ ಹೆಸರುಗಳಿಂದಲೂ ಪರಿಹಾರವಿಲ್ಲ. ಎಬಿಸಿ ಪ್ರಸಾರದಲ್ಲಿ ಕಂತುಗಳಿಗೆ ಶೀರ್ಷಿಕೆ ಇರಲಿಲ್ಲ. ಈಗ ಚಾಲ್ತಿಯಲ್ಲಿರುವ ಶೀರ್ಷಿಕೆಗಳು ಜರ್ಮನ್ ಪ್ರಸಾರಕ್ಕಾಗಿ ಇಟ್ಟ ಹೆಸರುಗಳ ಇಂಗ್ಲಿಷ್ ಅನುವಾದ. ಅವನ್ನು ಕರ್ತೃವಿನ ಮಾತೆಂದು ಹಿಡಿದು ಅರ್ಥ ಹೇಳುವುದು ಸಂಪಾದಕ ಕೊಟ್ಟ ಸಂಧಿಯ ತಲೆಬರಹವನ್ನು ಕವಿಯದೆಂದು ಭಾವಿಸಿದಂತೆ. ಈ ಟಿಪ್ಪಣಿಯಲ್ಲಿ ಪೈಲಟ್ + 29 ಎಂಬ ಎಣಿಕೆಯನ್ನು ಅನುಸರಿಸಿದೆ. 2017ರ ಸರಣಿಯ 18 ಘಟಕಗಳನ್ನು ಮಾತ್ರ 'ಭಾಗ' ಎಂದು ಕರೆದಿದೆ.

3. ಪ್ರತಿಗಳು

ಕೂಟದ ಕೈಯಲ್ಲಿದ್ದವು ಮೂರು ಬಗೆಯ ಪ್ರತಿಗಳು: ಹಳೆಯ ಕ್ಯಾಸೆಟ್, 2007ರ ಅಕ್ಟೋಬರ್‌ನಲ್ಲಿ ಬಂದ 'ಗೋಲ್ಡ್ ಬಾಕ್ಸ್' ಡಿವಿಡಿ, 2014ರ ಜುಲೈಯ ಬ್ಲೂ-ರೇ. ಮೊದಲ ಸರಣಿಯ ಡಿವಿಡಿ ಅಮೆರಿಕದಲ್ಲಿ 2001ರ ಡಿಸೆಂಬರ್‌ನಲ್ಲಿಯೇ ಬಂದಿತ್ತು, ಆದರೆ ಅದರಲ್ಲಿ ಪೈಲಟ್ ಇರಲಿಲ್ಲ. ಪೈಲಟ್‌ನ ಹಕ್ಕು ಬೇರೆಯವರ ಬಳಿ ಇತ್ತು. ಆದಿಪರ್ವವಿಲ್ಲದೆ ಭಾರತ ಅಚ್ಚಾದ ಹಾಗೆ. ಆ ಪ್ರತಿಯಿಂದ ಧಾರಾವಾಹಿಗೆ ಕಾಲಿಟ್ಟವರ ನೆನಪಿನಲ್ಲಿ ಶವ ಸಿಗುವ ದೃಶ್ಯ ನೇರವಾಗಿ ಇಲ್ಲದಿದ್ದರೆ ಅದಕ್ಕೆ ಕಾರಣ ಅವರ ಮರೆವಲ್ಲ.

ಇನ್ನೊಂದು ವ್ಯತ್ಯಾಸ 'ಲಾಗ್ ಲೇಡಿ' ಪೀಠಿಕೆಗಳದು. ಮರದ ತುಂಡನ್ನು ಎದೆಗವಚಿಕೊಂಡ ಆ ಹೆಂಗಸು (ನಟಿ ಕ್ಯಾಥರಿನ್ ಕೌಲ್ಸನ್) ಪ್ರತಿ ಕಂತಿನ ಆರಂಭದಲ್ಲಿ ಒಗಟಿನಂಥ ಮಾತಾಡುವ ತುಣುಕುಗಳನ್ನು ಲಿಂಚ್ ಬರೆದು ಚಿತ್ರೀಕರಿಸಿದ್ದು 1993ರಲ್ಲಿ, ಬ್ರಾವೋ ಕೇಬಲ್ ವಾಹಿನಿಯ ಮರುಪ್ರಸಾರಕ್ಕೆಂದು. 1990ರ ವೀಕ್ಷಕರು ಇವನ್ನು ಕಂಡಿಲ್ಲ. ಕಾಲದಿಂದ ಪ್ರಕ್ಷೇಪ, ಕರ್ತೃತ್ವದಿಂದ ಪ್ರಕ್ಷೇಪವಲ್ಲ. ಪಂಪನೇ ಮೂರು ವರ್ಷ ತಡೆದು ಪ್ರತಿ ಆಶ್ವಾಸಕ್ಕೂ ಒಂದೊಂದು ಪದ್ಯ ಸೇರಿಸಿದ್ದರೆ ಸಂಪಾದಕನೊಬ್ಬ ಏನು ಮಾಡಬಹುದಿತ್ತು ಎಂಬ ಪ್ರಶ್ನೆಯನ್ನು ಕೂಟದಲ್ಲಿ ಯಾರೋ ಎತ್ತಿದರು, ಉತ್ತರ ಒಮ್ಮತದ್ದಾಗಲಿಲ್ಲ. ಸದ್ಯಕ್ಕೆ ಮಾಡಿಕೊಂಡ ಏರ್ಪಾಡು ಇಷ್ಟೇ: ಮೊದಲ ಸಲ ನೋಡುವವರು ಇದ್ದಾಗ ಪೀಠಿಕೆ ಬೇಡ, ಏಕೆಂದರೆ ಅವು ಮುಂದಿನದನ್ನು ಬಲ್ಲ ಮಾತುಗಳು.

4. ಕನಸಿನ ಪಾಠಾಂತರ

2ನೆಯ ಕಂತಿನ ಕೊನೆಗೆ ಕೂಪರ್ ಕಾಣುವ ಕೆಂಪು ಕೋಣೆಯ ಕನಸು ಇಡೀ ಧಾರಾವಾಹಿಯಲ್ಲೇ ಹೆಚ್ಚು ಚರ್ಚಿತ ಭಾಗ. 3ನೆಯ ಕಂತಿನ ಆರಂಭದಲ್ಲಿ ಅವನು ಆ ಕನಸನ್ನು ಶೆರಿಫ್ ಟ್ರೂಮನ್ ಮತ್ತು ಲೂಸಿಯ ಮುಂದೆ ವಿವರಿಸುತ್ತಾನೆ. ಕಂಡದ್ದನ್ನೂ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಹಾಕ್ ಎಂಬ ಪೊಲೀಸ್ ಸಹಾಯಕ ಕೊಲೆಗಾರನ ಚಿತ್ರ ಬರೆದ, ಮೈಕ್ ಎಂಬ ಒಂಟಿಕೈಯವನು ಫೋನ್ ಮಾಡಿದ, ಮೈಕ್ ಬಾಬ್ ಎಂಬ ಆ ಕೊಲೆಗಾರನನ್ನು ಗುಂಡಿಟ್ಟು ಕೊಂದ ಎಂದೆಲ್ಲ ಕೂಪರ್ ಹೇಳುತ್ತಾನೆ. ಹಿಂದಿನ ಕಂತಿನ ಕನಸಿನಲ್ಲಿ ವೀಕ್ಷಕರಿಗೆ ಇವು ಕಾಣುವುದಿಲ್ಲ. ಕನಸಿನಲ್ಲಿ 25 ವರ್ಷ ಕಳೆದು ತಾನು ಮುದುಕನಾಗಿದ್ದೆ ಎಂಬ ಮಾತಿಗೂ ಆ ಕಂತಿನಲ್ಲಿ ಲಿಖಿತ ಆಧಾರವಿಲ್ಲ.

ಮೊದಲ ಸಲ ನೋಡುತ್ತಿದ್ದ ಸದಸ್ಯರು ಇದನ್ನು ಕೂಡಲೇ ಗುರುತಿಸಿ, ಕೂಪರ್ ಸುಳ್ಳು ಹೇಳುತ್ತಿರಬಹುದು ಎಂಬ ಊಹೆ ಮಂಡಿಸಿದರು. ಹಳಬರಲ್ಲಿ ಒಬ್ಬರ ವಾದ ಬೇರೆ: ಕನಸಿನ ಒಂದು ಭಾಗವನ್ನು ಮಾತ್ರ ನಮಗೆ ತೋರಿಸಿದ್ದಾರೆ. ಎರಡೂ ಒಳ್ಳೆಯ ಊಹೆಗಳೇ. ಆದರೆ ಹೊರಗಿನ ಆಧಾರ ಲಭ್ಯವಿದೆ.

ಪೈಲಟ್‌ಗೆ ಎರಡು ಪಾಠಗಳುಂಟು. ಧಾರಾವಾಹಿ ಮುಂದುವರಿಯದಿದ್ದರೂ ಯುರೋಪಿನಲ್ಲಿ ಬಿಡಿ ಚಿತ್ರವಾಗಿ ಮಾರಲು ಬರಲಿ ಎಂದು, ಕೊಲೆಗೆ ಪರಿಹಾರ ಕೊಡುವ ಸುಮಾರು 20 ನಿಮಿಷಗಳ ಮುಕ್ತಾಯವೊಂದನ್ನು ಚಿತ್ರೀಕರಿಸಬೇಕಾಗಿತ್ತು. ಆ ಮುಕ್ತಾಯದಲ್ಲಿ ಹಾಕ್ ಚಿತ್ರ ಬರೆಯುತ್ತಾನೆ, ಮೈಕ್‌ನ ಕರೆ ಬರುತ್ತದೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೈಕ್ ಬಾಬ್‌ಗೆ ಗುಂಡಿಡುತ್ತಾನೆ. ಅನಂತರ 25 ವರ್ಷಗಳ ಬಳಿಕ ಎಂಬ ತೆರೆಬರಹ, ಅದರ ಹಿಂದೆಯೇ ಕೆಂಪು ಕೋಣೆ. 2ನೆಯ ಕಂತಿಗೆ ಲಿಂಚ್ ಇದೇ ತುಣುಕುಗಳಿಂದ ಕನಸನ್ನು ಜೋಡಿಸಿದರು. ಅಂದರೆ 3ನೆಯ ಕಂತಿನಲ್ಲಿ ಕೂಪರ್ ವಿವರಿಸುತ್ತಿರುವುದು 2ನೆಯ ಕಂತಿನ ಕನಸನ್ನು ಮಾತ್ರವಲ್ಲ. ಯುರೋಪಿನ ಪಾಠದ ಕಥೆಯನ್ನೂ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ಈ ವಿವರಣೆ ವ್ಯತ್ಯಾಸ ಹೇಗೆ ಹುಟ್ಟಿತು ಎಂಬುದನ್ನು ಮಾತ್ರ ಹೇಳುತ್ತದೆ. ಕಥೆಯೊಳಗೆ ಕೂಪರ್‌ನ ಮಾತಿಗೆ ಏನರ್ಥ ಎಂಬುದು ಇದರಿಂದ ಇತ್ಯರ್ಥವಾಗುವುದಿಲ್ಲ. ನಮಗೆ ಕನಸಿನ ಒಂದು ತುಂಡು ಮಾತ್ರ ಕಂಡಿತು ಎಂಬ ವಾದ ಈಗಲೂ ನಿಲ್ಲುತ್ತದೆ, ಸ್ವಲ್ಪ ಬಲಗೊಂಡಿದೆಯೆಂದೂ ಹೇಳಬಹುದು. ಎರಡನೆಯದು, ಯುರೋಪಿನ ಪಾಠ ನೋಡಿದ ವೀಕ್ಷಕರು 3ನೆಯ ಕಂತಿನ ಮಾತನ್ನು ಕೇಳುವಾಗ ಯಾವ ಕೊರತೆಯನ್ನೂ ಕಾಣುವುದಿಲ್ಲ. ಕ್ಯಾಸೆಟ್ ಇಟ್ಟುಕೊಂಡಿದ್ದ ಸದಸ್ಯರಿಗೆ ಉಳಿದವರ ತಕರಾರು ಅರ್ಧ ಗಂಟೆಯವರೆಗೆ ಅರ್ಥವೇ ಆಗಲಿಲ್ಲ. ಅವರ ಪ್ರತಿಯಲ್ಲಿ ಪೈಲಟ್ ಯುರೋಪಿನದು.

5. ಲಿಪಿಕಾರದೋಷ

ಹಸ್ತಪ್ರತಿ ಸಂಪಾದನೆಯಲ್ಲಿ ದೋಷವೆಂದರೆ ಕವಿಯದ್ದಲ್ಲದ್ದು, ನಕಲು ಮಾಡಿದವನ ಕೈತಪ್ಪು. ಗುರುತಿಸಿದರೆ ತೆಗೆಯುವುದು ಸಂಪಾದಕನ ಕೆಲಸ. ಈ ಕೃತಿಯಲ್ಲಿ ಆ ನಿಯಮ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಪೈಲಟ್‌ನಲ್ಲೇ ಮೂರು ಸಾಕ್ಷಿ.

ಒಂದು: ಶವಾಗಾರದಲ್ಲಿ ಲಾರಾಳ ದೇಹವನ್ನು ಪರೀಕ್ಷಿಸುವ ದೃಶ್ಯದಲ್ಲಿ ಟ್ಯೂಬ್‌ಲೈಟ್ ಮಿಟುಕುತ್ತಲೇ ಇರುತ್ತದೆ. ಅದು ಸ್ಥಳದಲ್ಲಿದ್ದ ಕೆಟ್ಟ ದೀಪ. ಲಿಂಚ್ ಸರಿಪಡಿಸಲು ಬಿಡಲಿಲ್ಲ. ಎರಡು: ಅದೇ ದೃಶ್ಯದಲ್ಲಿ ಹೊರಗೆ ಹೋಗುವಂತೆ ಕೂಪರ್ ಕೇಳಿಕೊಂಡಾಗ ಅಲ್ಲಿಯ ಸಹಾಯಕ ತನ್ನ ಹೆಸರು ಹೇಳುತ್ತಾನೆ. ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡ ನಟನ ಉತ್ತರ ಹಾಗೆಯೇ ಉಳಿಯಿತು. ಮೂರನೆಯದು ಇವೆರಡಕ್ಕಿಂತ ಬಹಳ ದೊಡ್ಡದು. ಬಾಬ್ ಪಾತ್ರ ಮಾಡಿದ ಫ್ರ್ಯಾಂಕ್ ಸಿಲ್ವಾ ಮೂಲತಃ ಪೈಲಟ್‌ನ ಸೆಟ್ ಅಲಂಕಾರ ತಂಡದವರು. ಲಾರಾಳ ಕೋಣೆಯಲ್ಲಿ ಅವರು ಪೀಠೋಪಕರಣ ಸರಿಸುತ್ತಿದ್ದುದನ್ನು ಕಂಡ ಲಿಂಚ್, ಮಂಚದ ಕಾಲಿನ ಬಳಿ ಕೂರಿಸಿ ಒಂದು ತುಣುಕು ತೆಗೆದಿಟ್ಟುಕೊಂಡರು. ಏತಕ್ಕೆಂದು ಆಗ ಗೊತ್ತಿರಲಿಲ್ಲ. ಪೈಲಟ್‌ನ ಕೊನೆಯಲ್ಲಿ ಲಾರಾಳ ತಾಯಿ ಸಾರಾ ಬೆಚ್ಚಿ ಕಿರುಚುವ ದೃಶ್ಯ ತೆಗೆಯುವಾಗ, ಹಿಂದಿನ ಕನ್ನಡಿಯಲ್ಲಿ ಅದೇ ಸಿಲ್ವಾರ ಪ್ರತಿಬಿಂಬ ಅಕಸ್ಮಾತ್ತಾಗಿ ಸೆರೆಯಾಯಿತು. ಶಾಟ್ ಕೆಟ್ಟಿತೆಂದು ಕ್ಯಾಮೆರಾದವರು ತಿಳಿಸಿದಾಗ ಲಿಂಚ್ ಅದನ್ನೇ ಉಳಿಸಿಕೊಂಡರು. ಧಾರಾವಾಹಿಯ ಮುಖ್ಯ ದುಷ್ಟಶಕ್ತಿಯ ಹುಟ್ಟು ಹೀಗೆ.

ಮರುವೀಕ್ಷಕರು ಚಿತ್ರವನ್ನು ನಿಲ್ಲಿಸಿ ಕನ್ನಡಿಯಲ್ಲಿ ಆ ಮುಖವನ್ನು ಹುಡುಕುವುದು ಹಳೆಯ ಅಭ್ಯಾಸ. ಡೇವಿಡ್ ಲ್ಯಾವರಿ ಸಂಪಾದಿಸಿದ 1995ರ ಲೇಖನ ಸಂಕಲನದಲ್ಲಿ ಹೆನ್ರಿ ಜೆಂಕಿನ್ಸ್, ಈ ಧಾರಾವಾಹಿಯ ವೀಕ್ಷಕರು ವಿಸಿಆರ್‌ನಲ್ಲಿ ಕಂತುಗಳನ್ನು ಮುದ್ರಿಸಿಕೊಂಡು ಹಿಂದೆಮುಂದೆ ಓಡಿಸಿ ನೋಡುತ್ತಿದ್ದ ಕ್ರಮವನ್ನು ಚರ್ಚಿಸಿದ್ದಾರೆ. ಹೀಗೆ ಸಿಕ್ಕ ಪ್ರತಿಬಿಂಬವನ್ನು ಸುಳಿವೆಂದು ಓದಿದವರು ತಪ್ಪು ಮಾಡಲಿಲ್ಲ. ಅದು ಮೊದಲು ಪ್ರಮಾದವಾಗಿತ್ತು, ಕರ್ತೃ ಒಪ್ಪಿದ ಮೇಲೆ ಪಾಠವಾಯಿತು. ಕ್ಲಿಷ್ಟಪಾಠವೇ ಮೂಲಪಾಠವಾಗಿರಬಹುದೆಂಬ ಸಂಪಾದನಾ ಸೂತ್ರ ಇಲ್ಲಿ ವಿಚಿತ್ರ ರೀತಿಯಲ್ಲಿ ನಿಜವಾಗುತ್ತದೆ. ಆದರೆ ಇದರಿಂದ ಒಂದು ಅನನುಕೂಲವೂ ಇದೆ: ಕೃತಿಯಲ್ಲಿ ಎಲ್ಲೇ ಹೊಂದಾಣಿಕೆ ತಪ್ಪಿದರೂ ಅದು ಬರೀ ತಪ್ಪು ಎಂದು ಹೇಳುವ ಹಕ್ಕನ್ನು ನಾವು ಕಳೆದುಕೊಳ್ಳುತ್ತೇವೆ. ಹೇಳದಿರುವ ಹಕ್ಕನ್ನೂ.

6. ಕಥೆಯ ಪಂಚಾಂಗ

ಪೈಲಟ್‌ನಲ್ಲಿ ಕೂಪರ್ ಊರಿಗೆ ಬರುತ್ತ ತನ್ನ ಟೇಪ್ ರೆಕಾರ್ಡರಿಗೆ ಹೇಳುವ ತಾರೀಖು ಫೆಬ್ರುವರಿ 24, ಸಮಯ ಬೆಳಗ್ಗೆ 11.30. ವರ್ಷ ಹೇಳುವುದಿಲ್ಲ. ವಾರದ ಲೆಕ್ಕದಿಂದ ವರ್ಷವನ್ನು ಊಹಿಸಲು ಸಾಧ್ಯವಿದೆ. ಶವ ಸಿಕ್ಕಿದ ದಿನ ಶಾಲೆ ನಡೆಯುತ್ತಿದೆ. ತರಗತಿಯಲ್ಲಿ ಲಾರಾಳ ಕುರ್ಚಿ ಖಾಲಿ. 1990ರ ಫೆಬ್ರುವರಿ 24 ಶನಿವಾರ. 1989ರಲ್ಲಿ ಅದು ಶುಕ್ರವಾರ. ಕಥೆಯ ಮೂರನೆಯ ದಿನವಾದ 2ನೆಯ ಕಂತಿನಲ್ಲಿ ಹೇವರ್ಡ್ ಕುಟುಂಬ ಚರ್ಚಿಗೆ ಹೋಗಿ ಬಂದು ಹೋಟೆಲಿನಲ್ಲಿ ಕೂರುತ್ತದೆ. 1989ರ ಫೆಬ್ರುವರಿ 26 ಭಾನುವಾರ. ಎರಡು ಸ್ವತಂತ್ರ ಆಧಾರಗಳು ಒಂದೇ ವರ್ಷವನ್ನು ತೋರಿಸುತ್ತವೆ. ಇದು ಉದ್ದೇಶಪೂರ್ವಕವೋ ಆಕಸ್ಮಿಕವೋ ಎಂದು ಹೇಳಲು ಇಷ್ಟು ಸಾಲದು. 2017ರ ಸೆಪ್ಟೆಂಬರ್ 3ರಂದು ಪ್ರಸಾರವಾದ 17ನೆಯ ಭಾಗದಲ್ಲಿ ಕೂಪರ್ ಸ್ವತಃ 1989ರ ಫೆಬ್ರುವರಿ 23 ಎಂದು ಉಚ್ಚರಿಸುತ್ತಾನೆ, ಅಂದರೆ ಕೊಲೆಯ ರಾತ್ರಿ. ಊಹೆಗೆ ಮುದ್ರೆ ಬಿದ್ದದ್ದು ಅಲ್ಲಿ.

ಒಂದು ಕಂತಿಗೆ ಸರಿಸುಮಾರು ಒಂದು ದಿನ ಎಂಬುದು ಧಾರಾವಾಹಿಯ ಸಾಮಾನ್ಯ ಲೆಕ್ಕ. ಇದನ್ನು ಯಾಂತ್ರಿಕವಾಗಿ ಅನ್ವಯಿಸಬಾರದು: 8ನೆಯ ಕಂತು 7ನೆಯದರ ರಾತ್ರಿಯೇ ಆರಂಭವಾಗುತ್ತದೆ, 17ನೆಯ ಕಂತು ಮೂರು ದಿನಗಳ ಬಳಿಕ ಎಂಬ ತೆರೆಬರಹದೊಂದಿಗೆ ತೆರೆದುಕೊಳ್ಳುತ್ತದೆ. ದಿನಗಳನ್ನು ಬೆರಳೆಣಿಸಿ ಪಂಚಾಂಗ ರಚಿಸಿದವರ ಪಟ್ಟಿಗಳು ನಡುವೆ ಒಂದೆರಡು ದಿನ ಆಚೀಚೆ ಆಗುವುದಕ್ಕೆ ಇಂಥ ಎಡೆಗಳೇ ಕಾರಣವಿರಬೇಕು.

ಸ್ಥಳದ ವಿಷಯ ಚಿಕ್ಕದಾಗಿ. ಊರು ಕೆನಡಾ ಗಡಿಗೆ ಐದು ಮೈಲಿ ದಕ್ಷಿಣಕ್ಕೆ, ರಾಜ್ಯದ ಗಡಿಗೆ ಹನ್ನೆರಡು ಮೈಲಿ ಪಶ್ಚಿಮಕ್ಕೆ ಇದೆಯೆಂದು ಕೂಪರ್‌ನ ಲೆಕ್ಕ. ಅದರಂತೆ ಅದು ವಾಷಿಂಗ್ಟನ್ ರಾಜ್ಯದ ಈಶಾನ್ಯ ಮೂಲೆ. ಪೈಲಟ್‌ನ ಹೊರಾಂಗಣ ಚಿತ್ರೀಕರಣ ಬಹುಪಾಲು ನಡೆದದ್ದು ಸಿಯಾಟಲ್ ಸಮೀಪದ ಸ್ನೊಕ್ವಾಲ್ಮಿ ಮತ್ತು ನಾರ್ತ್ ಬೆಂಡ್‌ಗಳಲ್ಲಿ, ಅಂದರೆ ರಾಜ್ಯದ ಪಶ್ಚಿಮಾರ್ಧದಲ್ಲಿ. ಶೀರ್ಷಿಕೆಯ ಹಿನ್ನೆಲೆಯ ಜಲಪಾತ 268 ಅಡಿಯ ಸ್ನೊಕ್ವಾಲ್ಮಿ. ನಾಮಫಲಕದ ಜನಸಂಖ್ಯೆ 51,201. ಇದು ಮೊದಲು 5,120 ಆಗಿದ್ದು, ಅಷ್ಟು ಚಿಕ್ಕ ಊರಿನ ಕಥೆಯನ್ನು ಜನ ನೋಡಲಾರರೆಂದು ವಾಹಿನಿ ಹೆದರಿದ್ದರಿಂದ ಕೊನೆಗೆ ಒಂದು ಅಂಕೆ ಸೇರಿತೆಂಬುದು ಪ್ರಚಲಿತ ವಿವರಣೆ. ತೆರೆಯ ಮೇಲೆ ಕಾಣುವ ಊರು 5,120ಕ್ಕೇ ಹೆಚ್ಚು ಹೊಂದುತ್ತದೆಯೆಂದು ಕೂಟದ ಅಭಿಪ್ರಾಯ, ಅಭಿಪ್ರಾಯ ಮಾತ್ರ.

7. ಪ್ರಸಾರದ ಬಿಡುವುಗಳು

ಮರುವೀಕ್ಷಣೆಯಲ್ಲಿ ಪೂರ್ತಿ ಅಳಿಸಿಹೋಗುವ ಅಂಶವೊಂದಿದ್ದರೆ ಅದು ಕಾಯುವಿಕೆ. 7ನೆಯ ಕಂತು 1990ರ ಮೇ 23ರಂದು, 8ನೆಯದು ಸೆಪ್ಟೆಂಬರ್ 30ರಂದು: ನಡುವೆ 130 ದಿನ. ಕಥೆಯಲ್ಲಿ ಆ ಅವಧಿ ಕೂಪರ್ ಗುಂಡೇಟು ತಿಂದು ನೆಲದ ಮೇಲೆ ಬಿದ್ದಿರುವಷ್ಟು ಹೊತ್ತು. ಪೈಲಟ್‌ನಿಂದ ಕೊಲೆಗಾರನ ಗುರುತು ಬಯಲಾಗುವವರೆಗೆ ಪ್ರಸಾರದಲ್ಲಿ 216 ದಿನ, ಕಥೆಯಲ್ಲಿ ಸುಮಾರು ಎರಡು ವಾರ. 23ನೆಯ ಕಂತಿನ (1991ರ ಫೆಬ್ರುವರಿ 16) ನಂತರ 40 ದಿನ, 27ನೆಯದರ (ಏಪ್ರಿಲ್ 18) ನಂತರ 53 ದಿನ ಪ್ರಸಾರ ನಿಂತಿತ್ತು. ಕೊನೆಯ ಎರಡು ಕಂತು ಜೂನ್ 10ರಂದು ಒಟ್ಟಿಗೆ ಬಂದವು.

ಎರಡನೆಯ ಸರಣಿಯ ನಡುಭಾಗ ಸಡಿಲವೆಂಬ ಮಾತನ್ನು ಮರುವೀಕ್ಷಕರು ಒಮ್ಮತದಿಂದೆಂಬಂತೆ ಹೇಳುವುದುಂಟು. ದಿನಕ್ಕೆರಡು ಕಂತು ನೋಡಿದ ನಮ್ಮ ಕೂಟಕ್ಕೆ ಅದು ಅಷ್ಟಾಗಿ ತಟ್ಟಲಿಲ್ಲ. ಇದು ಕೃತಿಯ ಗುಣವೋ ನೋಟದ ವೇಗವೋ ಬೇರ್ಪಡಿಸಲು ಐವರ ಮಾದರಿ ಸಾಲದು.

8. ಹಿನ್ನೋಟದ ಆರೋಪ

ಉತ್ತರ ಗೊತ್ತಿದ್ದು ನೋಡುವವರ ಕಣ್ಣು ಲಾರಾಳ ತಂದೆ ಲೀಲಂಡ್‌ನ ಮೇಲೆಯೇ ನೆಟ್ಟಿರುತ್ತದೆ. ಪೈಲಟ್‌ನಲ್ಲಿ ಮಗಳ ಸುದ್ದಿ ಕೇಳಿ ಫೋನ್ ಕೈಯಿಂದ ಜಾರುವಾಗ, 3ನೆಯ ಕಂತಿನಲ್ಲಿ ಶವಪೆಟ್ಟಿಗೆಯ ಮೇಲೆ ಬೀಳುವಾಗ, ನಟ ರೇ ವೈಸ್ ಅಪರಾಧಪ್ರಜ್ಞೆಯನ್ನು ನಾಜೂಕಾಗಿ ಅಡಗಿಸಿ ಅಭಿನಯಿಸಿದ್ದಾರೆಂದು ಕೂಟದ ಇಬ್ಬರು ನಿಮಿಷ ಸಮೇತ ಪಟ್ಟಿ ಮಾಡಿದರು. ಪಟ್ಟಿ ಚೆನ್ನಾಗಿತ್ತು. ಆದರೆ ನಟರಿಗೆ ಆ ಹೊತ್ತಿನಲ್ಲಿ ಸತ್ಯ ತಿಳಿದಿರಲಿಲ್ಲ. ಕೊಲೆಗಾರ ಯಾರೆಂಬುದು ಲಿಂಚ್ ಮತ್ತು ಫ್ರಾಸ್ಟ್ ಬಲ್ಲ ಗುಟ್ಟಾಗಿತ್ತು. ರೇ ವೈಸ್‌ಗೆ ಅದು ಗೊತ್ತಾದದ್ದು 14ನೆಯ ಕಂತಿನ ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ, ಸಹನಟರಾದ ಶೆರಿಲ್ ಲೀ ಮತ್ತು ರಿಚರ್ಡ್ ಬೇಮರ್ ಜೊತೆಗೆ ಲಿಂಚ್ ಕರೆದು ಕೂರಿಸಿ ಹೇಳಿದಾಗ. ಗುಟ್ಟು ಸೋರದಿರಲೆಂದು ಆ ಕಂತಿನಲ್ಲಿ ಲಾರಾಳ ಸೋದರಸಂಬಂಧಿ ಮ್ಯಾಡಿಯ ಕೊಲೆಯ ದೃಶ್ಯವನ್ನು ಬೇಮರ್ ಕೊಲೆಗಾರನಾಗಿರುವಂತೆಯೂ ತೆಗೆಯಲಾಯಿತು.

ಹಾಗಿದ್ದರೆ ಮೊದಲ ಕಂತುಗಳಲ್ಲಿ ನಾವು ಕಂಡ ಅಪರಾಧಪ್ರಜ್ಞೆ ಎಲ್ಲಿಂದ ಬಂತು? ಒಂದು ಸಾಧ್ಯತೆ: ನಿಜವಾದ ದುಃಖದ ಅಭಿನಯದ ಮೇಲೆ ನಮ್ಮ ತಿಳಿವಳಿಕೆಯ ನೆರಳು ಬಿದ್ದಿದೆ. ಇನ್ನೊಂದು: ನಿರ್ದೇಶಕರು ಕಾರಣ ಹೇಳದೆಯೇ ಅಂಥ ಅಭಿನಯವನ್ನು ಹೊರಡಿಸಿದ್ದಾರೆ; ಆದರೆ ಮೊದಲ ಸರಣಿಯ ಕಂತುಗಳಲ್ಲಿ ಹಲವನ್ನು ಬೇರೆ ನಿರ್ದೇಶಕರು ಮಾಡಿದ್ದರಿಂದ ಈ ವಾದಕ್ಕೆ ಮಿತಿಯಿದೆ. ಮೊದಲ ಸಲ ನೋಡುತ್ತಿದ್ದ ಸದಸ್ಯರ ಟಿಪ್ಪಣಿಯಲ್ಲಿ 14ನೆಯ ಕಂತಿನವರೆಗೆ ಲೀಲಂಡ್‌ನ ಬಗ್ಗೆ ಇದ್ದದ್ದು ಒಂದೇ ಸಾಲು: ಈ ಮನುಷ್ಯ ತುಂಬ ಅಳುತ್ತಾನೆ, ಪಾಪ. ಇದು ಪುರಾವೆಯಲ್ಲ, ಆದರೆ ಪಟ್ಟಿ ಮಾಡಿದ ಇಬ್ಬರೂ ಅದನ್ನು ಓದಿ ತಮ್ಮ ಕೆಲವು ನಮೂದುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡರು.

ಅಭಿಮಾನಿಗಳ ಓದೆಲ್ಲ ಇಂಥದೇ ಎಂದು ಇದರ ಅರ್ಥವಲ್ಲ. 1992ರಿಂದ 2005ರವರೆಗೆ 75 ಸಂಚಿಕೆ ನಡೆದ 'ರ‍್ಯಾಪ್ಡ್ ಇನ್ ಪ್ಲಾಸ್ಟಿಕ್' ಪತ್ರಿಕೆ (ಸಂಪಾದಕರು ಕ್ರೇಗ್ ಮಿಲ್ಲರ್, ಜಾನ್ ಥಾರ್ನ್) ಸಂದರ್ಶನ, ಚಿತ್ರಕಥೆಯ ಕರಡು, ಕಂತಿನ ಹೋಲಿಕೆಗಳನ್ನು ಒಟ್ಟುಗೂಡಿಸಿದ ಕ್ರಮ ವಿದ್ವತ್ ಪತ್ರಿಕೆಗಳಿಗಿಂತ ಕಡಿಮೆಯದಲ್ಲ. ಉದಾಹರಣೆಗೆ 29ನೆಯ ಕಂತು. ಫ್ರಾಸ್ಟ್, ಹಾರ್ಲಿ ಪೇಟನ್, ರಾಬರ್ಟ್ ಎಂಗಲ್ಸ್ ಬರೆದ ಚಿತ್ರಕಥೆಯಲ್ಲಿದ್ದ ಬ್ಲ್ಯಾಕ್ ಲಾಡ್ಜ್ ಎಂಬ ಅಲೌಕಿಕ ತಾಣದ ಪ್ರಸಂಗವನ್ನು ಲಿಂಚ್ ಚಿತ್ರೀಕರಣದಲ್ಲಿ ಬಹುಮಟ್ಟಿಗೆ ಬದಲಿಸಿದರು. ಬರೆದ ಪಾಠ, ತೆಗೆದ ಪಾಠ ಎಂಬ ಭೇದ ಇಲ್ಲದೆ ಆ ಕಂತಿನ ಚರ್ಚೆ ಮುಂದೆ ಹೋಗದು.

9. ಉಪಗ್ರಂಥಗಳು

ಲಾರಾಳ ವಯಸ್ಸಿನ ಪ್ರಶ್ನೆ. ಜೆನಿಫರ್ ಲಿಂಚ್ ಬರೆದು 1990ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಲಾರಾಳ ರಹಸ್ಯ ದಿನಚರಿ 1984ರ ಜುಲೈ 22ರಂದು, ಅವಳ 12ನೆಯ ಹುಟ್ಟುಹಬ್ಬದೊಂದಿಗೆ ಆರಂಭವಾಗುತ್ತದೆ. ಅದರಂತೆ 1989ರ ಫೆಬ್ರುವರಿಯಲ್ಲಿ ಅವಳಿಗೆ 16 ವರ್ಷ 7 ತಿಂಗಳು. ಆಕೆ ಹೋಂಕಮಿಂಗ್ ರಾಣಿ. ಆ ಪಟ್ಟ ಸಾಮಾನ್ಯವಾಗಿ ಶಾಲೆಯ ಕೊನೆಯ ವರ್ಷದವರಿಗೆ, ಅಂದರೆ 17-18ರವರಿಗೆ ಸಲ್ಲುವುದು. ಕೊಲೆ 1990ರ ಫೆಬ್ರುವರಿಯಲ್ಲಿ ನಡೆಯಿತೆಂದು ಹಿಡಿದರೆ ವಯಸ್ಸು 17 ಆಗಿ ಸರಿಹೊಂದುತ್ತದೆ. ಪುಸ್ತಕ ಪ್ರಸಾರದ ವರ್ಷವನ್ನೇ ಕಥೆಯ ವರ್ಷವೆಂದು ಎಣಿಸಿರಬಹುದೇ ಎಂಬುದು ಈ ಟಿಪ್ಪಣಿಕಾರನ ಊಹೆ. ಹೆಚ್ಚಿನ ಆಧಾರವಿಲ್ಲದೆ ಅದನ್ನು ಊಹೆಯಾಗಿಯೇ ಬಿಡುವುದು ಸರಿ.

ಫ್ರಾಸ್ಟ್ ಅವರ 2016ರ ಪುಸ್ತಕ ದಾಖಲೆಗಳ ರೂಪದಲ್ಲಿರುವ ಊರಿನ ಇತಿಹಾಸ. ಅದರಲ್ಲಿ ಹೋಟೆಲಿನ ಒಡತಿ ನಾರ್ಮಾಳ ತಾಯಿ 1984ರಲ್ಲೇ ತೀರಿಕೊಂಡಿದ್ದಾಳೆ. ಧಾರಾವಾಹಿಯ ಎರಡನೆಯ ಸರಣಿಯಲ್ಲಿ ನಾರ್ಮಾಳ ತಾಯಿ ವಿವಿಯನ್ (ನಟಿ ಜೇನ್ ಗ್ರಿಯರ್) ಊರಿಗೆ ಬಂದು ಮಗಳ ಹೋಟೆಲಿನ ಅಡುಗೆಯನ್ನು ಹೀಗಳೆದು ಹೋಗುತ್ತಾಳೆ. 2017ರ ಅಕ್ಟೋಬರ್‌ನಲ್ಲಿ ಬಂದ ಫ್ರಾಸ್ಟ್ ಅವರ ಇನ್ನೊಂದು ಪುಸ್ತಕ ವಿವಿಯನ್‌ಳನ್ನು ಮಲತಾಯಿಯ ಸ್ಥಾನದಲ್ಲಿಟ್ಟು ಎರಡನ್ನೂ ಹೊಂದಿಸಲು ನೋಡುತ್ತದೆ. ಹಳೆಯ ಟೀಕಾಕಾರರು ವಿರೋಧವಾಕ್ಯಗಳನ್ನು ಸಮನ್ವಯಗೊಳಿಸುತ್ತಿದ್ದ ದಾರಿಯೂ ಇದೇ. ದಾಖಲೆಯಲ್ಲೇ ಯಾರೋ ಕೈಯಾಡಿಸಿದ್ದಾರೆಂಬ ಊಹೆಯನ್ನು ಅಭಿಮಾನಿಗಳಲ್ಲಿ ಕೆಲವರು ಇನ್ನೂ ಬಿಟ್ಟಿಲ್ಲ.

10. 2017ರ ಪಾಠ

2017ರ ಮೇ 21ರಿಂದ ಸೆಪ್ಟೆಂಬರ್ 3ರವರೆಗೆ ಶೋಟೈಮ್ ವಾಹಿನಿಯಲ್ಲಿ ಬಂದ 18 ಭಾಗಗಳು ಈ ಟಿಪ್ಪಣಿಯ 5ನೆಯ ವಿಭಾಗದಲ್ಲಿ ಎತ್ತಿದ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. 7ನೆಯ ಭಾಗದ ಕೊನೆಗೆ ಡಬಲ್ ಆರ್ ಹೋಟೆಲಿನ ದೃಶ್ಯವಿದೆ. ಒಬ್ಬ ಯುವಕ ಬಾಗಿಲಲ್ಲಿ ನಿಂತು ಬಿಲ್ಲಿಯನ್ನು ಯಾರಾದರೂ ನೋಡಿದಿರಾ ಎಂದು ಕೂಗಿ ಓಡುತ್ತಾನೆ. ಆಮೇಲಿನ ಶಾಟ್‌ನಲ್ಲಿ ಹೋಟೆಲ್ ಅದೇ, ಕೂತಿರುವ ಗಿರಾಕಿಗಳು ಬೇರೆ. ಬೇರೆ ಧಾರಾವಾಹಿಯಾಗಿದ್ದರೆ ಎರಡು ದಿನದ ಚಿತ್ರೀಕರಣದ ತುಣುಕು ಬೆಸೆದ ಗುರುತು ಎಂದು ಬರೆದು ಪುಟ ತಿರುಗಿಸಬಹುದಿತ್ತು. ಕೂಟ ಆ ದೃಶ್ಯವನ್ನು ಆರು ಸಲ ನೋಡಿ, ಕುರ್ಚಿಗಳ ನಕ್ಷೆ ಬರೆದು, ಬದಲಾವಣೆ ಇದೆ ಎಂಬುದರ ಮಟ್ಟಿಗೆ ಮಾತ್ರ ಒಪ್ಪಂದಕ್ಕೆ ಬಂತು. 17 ಮತ್ತು 18ನೆಯ ಭಾಗಗಳನ್ನು ಏಕಕಾಲಕ್ಕೆ ಓಡಿಸಿದರೆ ಒಂದಕ್ಕೊಂದು ಉತ್ತರಿಸುತ್ತವೆಯೆಂಬ ಕೆಲವು ಅಭಿಮಾನಿಗಳ ಸಿದ್ಧಾಂತವನ್ನೂ ಪರೀಕ್ಷಿಸಲಾಯಿತು. ಕಾಕತಾಳೀಯಗಳು ಸಿಕ್ಕವು, ಬೇರೆ ಎರಡು ಭಾಗಗಳನ್ನು ಹೀಗೆಯೇ ಓಡಿಸಿ ಹೋಲಿಸುವವರೆಗೆ ಅವಕ್ಕೆ ತೂಕ ಕೊಡಲಾಗದು. ಆ ಹೋಲಿಕೆ ಇನ್ನೂ ಮಾಡಿಲ್ಲ.

17ನೆಯ ಭಾಗದ ವಿಷಯ ಬೇರೆ. ಕೂಪರ್ 1989ರ ಆ ರಾತ್ರಿಗೆ ಹೋಗಿ ಕಾಡಿನಲ್ಲಿ ಲಾರಾಳ ಕೈ ಹಿಡಿದು ನಡೆಸುತ್ತಾನೆ. ಕೂಡಲೇ ಪೈಲಟ್‌ನ ಹಳೆಯ ಚಿತ್ರಿಕೆಗಳೇ ಮತ್ತೆ ಬರುತ್ತವೆ: ನದಿಯ ದಡ, ದೊಡ್ಡ ದಿಮ್ಮಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ. ಆ ದೇಹ ಕಣ್ಣೆದುರೇ ಕರಗುತ್ತದೆ. ಪೈಲಟ್‌ನಲ್ಲಿ ಶವ ಕಂಡು ದೂರು ಕೊಟ್ಟಿದ್ದ ಪೀಟ್ ಈ ಸಲ ಗಾಳ ಹಿಡಿದು ಹೋಗುತ್ತಾನೆ, ಏನೂ ಕಾಣುವುದಿಲ್ಲ, ಮೀನು ಹಿಡಿಯಲು ನಿಲ್ಲುತ್ತಾನೆ. ನಟ ಜ್ಯಾಕ್ ನ್ಯಾನ್ಸ್ 1996ರಲ್ಲಿಯೇ ತೀರಿಕೊಂಡಿದ್ದರು. ಬಳಸಿರುವುದು ಹಳೆಯ ಚಿತ್ರಿಕೆಯೇ. ಕರ್ತೃವೇ 27 ವರ್ಷಗಳ ಬಳಿಕ ಮೊದಲ ಓಲೆಯನ್ನು ಹೆರೆದು ಬರೆದಿದ್ದಾನೆ, ಆದರೆ ಹೆರೆಯದ ಪ್ರತಿಗಳೂ ಎಲ್ಲರ ಕಪಾಟಿನಲ್ಲಿವೆ.

ಕೂಟದ ಪಟ್ಟಿಯಲ್ಲಿ ಪೈಲಟ್‌ಗೆ ಈವರೆಗೆ ಎರಡು ಸಾಲುಗಳಿದ್ದವು: ಅಮೆರಿಕದ ಪಾಠ, ಯುರೋಪಿನ ಪಾಠ. ಈಗ ಮೂರನೆಯದನ್ನು ಸೇರಿಸಿದೆ. 'ಶವ ದೊರೆತ ಸಮಯ' ಎಂಬ ಕಾಲಂ ಆ ಸಾಲಿನಲ್ಲಿ ಖಾಲಿ ಇದೆ.